ಶುಗರ್ ಇರುವವರ ಅಂಗಾಲು: ಜಡ್ಡು ಏನು ಹೇಳುತ್ತದೆ?

ಶುಗರ್ ಇರುವವರ ಅಂಗಾಲಿನಲ್ಲಿ ಹುಣ್ಣು ಯಾಕಾಗುತ್ತದೆ? ಇದೇ ಈ ಪಾಠದ ಪ್ರಶ್ನೆ. ಒತ್ತಡ ಅಂದರೆ ಭಾರವನ್ನು ವಿಸ್ತೀರ್ಣದಿಂದ ಭಾಗಿಸುವುದು. ಹೈಸ್ಕೂಲಿನ ಈ ಸಾಲು ನೆನಪಿದ್ದರೆ ಪಾಠ ಅರ್ಧ ಮುಗಿದ ಹಾಗೆ. ಮೈತೂಕ ಅಷ್ಟೇ ಇದ್ದರೂ ನೆಲಕ್ಕೆ ತಾಗುವ ಜಾಗ ಕಡಿಮೆಯಾದರೆ ಒತ್ತಡ ಏರುತ್ತದೆ.

ಜಾಗ ಯಾಕೆ ಕಡಿಮೆಯಾಗುತ್ತದೆ? ಕಾಯಿಲೆ ಹಳೆಯದಾದಂತೆ ಎಷ್ಟೋ ಜನರಲ್ಲಿ ನರಗಳು ಸೊರಗುತ್ತವೆ. ಪಾದದೊಳಗಿನ ಸಣ್ಣ ಸ್ನಾಯುಗಳು ಬಡವಾಗುತ್ತವೆ. ಆಗ ಮೀನಖಂಡದ ಕಡೆಯಿಂದ ಬರುವ ಉದ್ದನೆಯ ಸ್ನಾಯುಗಳದ್ದೇ ಮೇಲುಗೈ. ಬೆರಳುಗಳು ಹಕ್ಕಿಯ ಕಾಲಿನ ಹಾಗೆ ಬಾಗುತ್ತವೆ. ಇದು ಕ್ಲಾ ಟೋ. ಬೆರಳು ಮೇಲೆದ್ದರೆ ಅದರ ಬುಡದ ಮೂಳೆ, ಅಂದರೆ ಮೆಟಟಾರ್ಸಲ್ ಹೆಡ್, ಕೆಳಕ್ಕೆ ಒತ್ತುತ್ತದೆ. ಅದರಡಿ ದಿಂಬಿನಂತಿದ್ದ ಕೊಬ್ಬು ಬೆರಳುಗಳ ಕಡೆಗೆ ಸರಿದಿರುತ್ತದೆ.

ನಮ್ಮ ಅಜ್ಜಿ ಬಚ್ಚಲಿನಿಂದ ಬಂದಾಗ ಕೆಂಪು ನೆಲದ ಮೇಲೆ ಒದ್ದೆ ಹೆಜ್ಜೆ ಮೂಡುತ್ತಿತ್ತು. ಬೆರಳಿನ ಜಾಗದಲ್ಲಿ ಚಿಕ್ಕ ಚುಕ್ಕಿಗಳು ಮಾತ್ರ. ಪಾಠ ಓದಿದ ಮೇಲೆ ನನಗೆ ಅದು ಅರ್ಥವಾಯಿತು. ಒಂದು ಎಚ್ಚರಿಕೆ: ಒದ್ದೆ ಹೆಜ್ಜೆ ತಾಗಿದ ಜಾಗವನ್ನು ತೋರಿಸುತ್ತದೆ, ಒತ್ತಡವನ್ನಲ್ಲ.

ಕೀಲಿನ ಬಿಗಿತವೂ ಸೇರುತ್ತದೆ. ರಕ್ತದಲ್ಲಿ ಹೆಚ್ಚಾದ ಸಕ್ಕರೆ ಚರ್ಮ, ಕೀಲುಗಳಲ್ಲಿರುವ ಕೊಲಾಜನ್ ಎಂಬ ಪ್ರೋಟೀನ್‌ಗೆ ಅಂಟಿಕೊಂಡು ಅದನ್ನು ಗಡುಸು ಮಾಡುತ್ತದೆ. ನಮಸ್ಕಾರ ಮಾಡಲು ಹೇಳಿ ನೋಡಿ, ಕೆಲವರಿಗೆ ಬೆರಳುಗಳು ಪೂರ್ತಿ ಕೂಡುವುದೇ ಇಲ್ಲ. ಹಿಮ್ಮಡಿಯ ಸ್ನಾಯುರಜ್ಜು ಹೀಗೇ ಬಿಗಿಯಾದರೆ ನಡೆಯುವಾಗ ಹಿಮ್ಮಡಿ ಬೇಗ ಏಳುತ್ತದೆ, ಭಾರ ಜಾಸ್ತಿ ಹೊತ್ತು ಮುಂಗಾಲಿನ ಮೇಲೇ ಉಳಿಯುತ್ತದೆ.

ಈಗ ಮುಖ್ಯ ಮಾತು. ಬರೀ ಒತ್ತಡದಿಂದ ಹುಣ್ಣಾಗುತ್ತದೆ ಎಂದು ಬರೆದರೆ ಉತ್ತರ ಅರ್ಧ ಮಾತ್ರ ಸರಿ. ಸಂಧಿವಾತದವರ ಅಂಗಾಲಿನಲ್ಲೂ ಒತ್ತಡ ಜಾಸ್ತಿ ಇರುತ್ತದೆ. ಆದರೆ ಅವರಿಗೆ ನೋವು ಗೊತ್ತಾಗುತ್ತದೆ, ಕಾಲು ಓರೆ ಮಾಡಿ ಊರುತ್ತಾರೆ. ನರ ಸೊರಗಿ ಸ್ಪರ್ಶ ಹೋದವರು ಅದೇ ಜಾಗವನ್ನೇ ಮತ್ತೆ ಮತ್ತೆ ಊರುತ್ತಾರೆ. ವೆಲ್ಲೂರಿನಲ್ಲಿ, ಹೀಗೇ ಸ್ಪರ್ಶ ಹೋದ ಕುಷ್ಠ ರೋಗಿಗಳಿಗೆ ಚಿಕಿತ್ಸೆ ಕೊಡುತ್ತಿದ್ದ ಡಾ. ಪಾಲ್ ಬ್ರ್ಯಾಂಡ್ ಒತ್ತಿ ಹೇಳಿದ್ದು ಇದನ್ನೇ. ಆ ರೋಗಿಗಳು ಹಾಕುತ್ತಿದ್ದ ಎಂಸಿಆರ್ (ಮೈಕ್ರೋಸೆಲ್ಯುಲಾರ್ ರಬ್ಬರ್ ಎಂಬ ಮೆತ್ತನೆಯ ರಬ್ಬರಿನ) ಚಪ್ಪಲಿಯನ್ನು ಇವತ್ತು ಶುಗರ್ ಇರುವವರಿಗೂ ಕೊಡುತ್ತಾರೆ. ಅದಕ್ಕೇ ಪರೀಕ್ಷೆ ಮಾಡುವಾಗ ಪಾದದ ಆಕಾರ ನೋಡಿದರೆ ಸಾಲದು, 10 ಗ್ರಾಂ ಭಾರದಷ್ಟು ಒತ್ತಿದರೆ ಬಾಗುವ ಮೋನೊಫಿಲಮೆಂಟ್ ಎಂಬ ನೈಲಾನ್ ಎಳೆ ಒತ್ತಿ ಸ್ಪರ್ಶವನ್ನೂ ನೋಡಬೇಕು.

ಒತ್ತಡ ಅಳೆಯಲು ಸೆನ್ಸರ್ ಇರುವ ಹಾಳೆಗಳಿವೆ. ಹಿಂದೆ ಹುಣ್ಣಾಗಿ ಮಾಗಿದ ಕಾಲಿಗೆ ಚಪ್ಪಲಿಯೊಳಗಿನ ಒತ್ತಡ 200 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆ ಇರಲಿ ಎನ್ನುತ್ತಾರೆ. ಆ ಯಂತ್ರ ಇಲ್ಲದ ಕಡೆ ಜಡ್ಡನ್ನು ನೋಡಿ. ಒತ್ತಡ ಬಿದ್ದಲ್ಲೇ ಚರ್ಮ ಜಡ್ಡುಗಟ್ಟುವುದು. ಆಮೇಲೆ ಆ ಜಡ್ಡೇ ಚಪ್ಪಲಿಯೊಳಗೆ ಸಿಕ್ಕಿದ ಕಲ್ಲಿನ ಹಾಗೆ ಇನ್ನಷ್ಟು ಒತ್ತುತ್ತದೆ. ಅದರಡಿ ಕಪ್ಪಾಗಿ ರಕ್ತ ಕಂಡರೆ ಒಳಗೆ ಹುಣ್ಣು ಶುರುವಾಗಿರಬಹುದು, ಅವತ್ತೇ ಡಾಕ್ಟರಿಗೆ ತೋರಿಸಬೇಕು. ಮನೆಯಲ್ಲಿ ಬ್ಲೇಡ್ ಹಿಡಿದು ಕೆರೆಯಬೇಡಿ, ದಯವಿಟ್ಟು. ಡಾಕ್ಟರು ಜಡ್ಡು ತೆಗೆದ ಮೇಲೂ ಹಳೇ ಚಪ್ಪಲಿಯನ್ನೇ ಹಾಕಿದರೆ ಅದು ಅಲ್ಲೇ ಮತ್ತೆ ಬರುತ್ತದೆ. ಅಜ್ಜಿಯ ಹವಾಯಿ ಚಪ್ಪಲಿಯಲ್ಲಿ ಎರಡನೇ ಬೆರಳಿನ ಬುಡದ ನೇರಕ್ಕೆ ಒಂದು ಗುಳಿ ಬಿದ್ದಿತ್ತು. ಅಂಗಾಲಿನ ಜಡ್ಡು ಸರಿಯಾಗಿ ಅದರೊಳಗೆ ಕೂರುತ್ತಿತ್ತು.