ಭಾರ ಎಲ್ಲಿಂದ ಬರುತ್ತದೆ? ‘ಬ್ರೇವ್ ಮರ್ಡರ್ ಡೇ’ ಆಲ್ಬಮ್ಮನ್ನು ಮಿಕ್ಸಿಂಗ್ ಕಿವಿಯಿಂದ ಕೇಳಿದಾಗ

ಡೂಮ್ (ನಿಧಾನದ, ದುಃಖ ತುಂಬಿದ ಮೆಟಲ್), ಡೆತ್ ಮೆಟಲ್ (ಘರ್ಜಿಸುವ ದನಿಯ ಒರಟು ಮೆಟಲ್) ನುಡಿಸುವ ಹುಡುಗರು ನಾನು ಮಿಕ್ಸಿಂಗ್ (ವಾದ್ಯಗಳ ಸದ್ದು ಬೆರೆಸಿ ಹದ ಮಾಡುವ ಕೆಲಸ) ಮಾಡುವ ಸ್ಟುಡಿಯೋಗೆ ಬಂದಾಗ ಕೇಳುವ ಮೊದಲ ಮಾತು ಹೆಚ್ಚುಕಮ್ಮಿ ಒಂದೇ: ‘ಸರ್, ಇನ್ನೂ ಹೆವಿ ಮಾಡಿ.’ ಹೆವಿ ಅಂದ್ರೆ ಅವರ ಲೆಕ್ಕದಲ್ಲಿ ಗೇನ್ (ಗಿಟಾರಿನ ಸದ್ದನ್ನು ಉಬ್ಬಿಸಿ ಒರಟು ಮಾಡುವ ಗುಂಡಿ) ಜಾಸ್ತಿ, ಬೇಸ್ ಜಾಸ್ತಿ, ಟ್ಯೂನಿಂಗ್ ಇನ್ನೂ ಕೆಳಗೆ. ಆಗ ನಾನು ಏನೂ ಹೇಳಲ್ಲ. ಕ್ಯಾಟಟೋನಿಯಾ ಬ್ಯಾಂಡಿನ ‘ಬ್ರೇವ್ ಮರ್ಡರ್ ಡೇ’ ಆಲ್ಬಮ್ಮಿನ ಮೊದಲ ಹಾಡನ್ನು ಹಾಕುತ್ತೇನೆ. ಹತ್ತು ನಿಮಿಷದ ಹಾಡು. ವೇಗ ಇಲ್ಲ, ಸೋಲೋ ಕಸರತ್ತು ಇಲ್ಲ, ಗೋಡೆ ನಡುಗಿಸುವ ಬೇಸೂ ಇಲ್ಲ. ಆದರೂ ಮುಗಿಯುವ ಹೊತ್ತಿಗೆ ಎದೆಯ ಮೇಲೆ ಏನೋ ಕೂತ ಹಾಗಿರುತ್ತದೆ. ಆ ಭಾರ ಎಲ್ಲಿಂದ ಬಂತು ಅನ್ನೋದನ್ನೇ ಈ ಸಲ ಬಿಡಿಸಿ ಹೇಳಬೇಕು ಅನ್ನಿಸಿತು.

ಮೊದಲು ಸ್ವಲ್ಪ ಹಿನ್ನೆಲೆ. ಕ್ಯಾಟಟೋನಿಯಾ ಸ್ವೀಡನ್ನಿನ ಬ್ಯಾಂಡ್. ಯೋನಾಸ್ ರೆಂಕ್ಸೆ ಮತ್ತು ಆಂಡರ್ಸ್ ನೀಸ್ಟ್ರೋಮ್ ಇಬ್ಬರೂ ಸೇರಿ 1991ರಲ್ಲಿ ಶುರು ಮಾಡಿದ್ದು. ರೆಂಕ್ಸೆ ಡ್ರಮ್ಸ್ ಮತ್ತು ಹಾಡು, ನೀಸ್ಟ್ರೋಮ್ ಗಿಟಾರ್. 1993ರಲ್ಲಿ ಮೊದಲ ಆಲ್ಬಮ್ ಬಂತು, ಆಮೇಲೆ ಬ್ಯಾಂಡ್ ಒಂದಷ್ಟು ಕಾಲ ನಿಂತೇ ಹೋಗಿತ್ತು. ಮತ್ತೆ ಸೇರಿದಾಗ ಫ್ರೆಡ್ರಿಕ್ ನಾರ್ಮನ್ ಎರಡನೇ ಗಿಟಾರಿಗೆ ಬಂದರು. 1996ರಲ್ಲಿ ಸೌಂಡ್ ಎಂಜಿನಿಯರ್ ಡ್ಯಾನ್ ಸ್ವಾನೋ ಅವರ ಯೂನಿಸೌಂಡ್ ಸ್ಟುಡಿಯೋದಲ್ಲಿ ಈ ಆಲ್ಬಮ್ ರೆಕಾರ್ಡ್ ಆಯಿತು. ಅದೇ ವರ್ಷ ಇಟಲಿಯ ಅವಾಂಗಾರ್ಡ್ ಮ್ಯೂಸಿಕ್ ಎಂಬ ಸಣ್ಣ ಲೇಬಲ್ ಹೊರತಂದಿತು. ಒಟ್ಟು ಆರು ಹಾಡು, 40 ನಿಮಿಷದ ಆಸುಪಾಸು. ಮೊದಲ ಮೂರು ಹಾಡಿನ ಹೆಸರು ಬ್ರೇವ್, ಮರ್ಡರ್, ಡೇ. ಅವನ್ನೇ ಜೋಡಿಸಿದರೆ ಆಲ್ಬಮ್ಮಿನ ಹೆಸರು. ಇಂಗ್ಲೆಂಡಿನಲ್ಲಿ ಪ್ಯಾರಡೈಸ್ ಲಾಸ್ಟ್, ಮೈ ಡೈಯಿಂಗ್ ಬ್ರೈಡ್, ಅನಾಥೆಮಾ ಈ ಮೂರು ಬ್ಯಾಂಡುಗಳು ಆಗಲೇ ಡೆತ್ ಮತ್ತು ಡೂಮ್ ಬೆರೆಸುವ ದಾರಿ ಹಾಕಿಕೊಟ್ಟಿದ್ದವು. ಅದೇ ದಾರಿಯಲ್ಲಿ ಹೊರಟ ಕ್ಯಾಟಟೋನಿಯಾ, ಈ ಆಲ್ಬಮ್ಮಿನಲ್ಲಿ ಅಲಂಕಾರವನ್ನೆಲ್ಲ ಕಿತ್ತುಹಾಕಿತು. ಪಿಟೀಲಿಲ್ಲ, ನಾಟಕೀಯ ಮಾತಿಲ್ಲ. ಗಿಟಾರು, ಡ್ರಮ್ಸು, ಒಂದು ದನಿ ಅಷ್ಟೇ.

ಈಗ ಗಿಟಾರಿಗೆ ಬರೋಣ. ನನ್ನ ಪ್ರಕಾರ ಎಲ್ಲಾ ಗುಟ್ಟು ಇರೋದು ಇಲ್ಲೇ.

ಡಿಸ್ಟಾರ್ಷನ್ ಅನ್ನೋದು ಬರೀ ಸದ್ದನ್ನು ಒರಟು ಮಾಡುವ ಪೆಡಲ್ ಅಲ್ಲ. ಒಂದೇ ಗಿಟಾರಿನಲ್ಲಿ ಎರಡು ಸ್ವರ ಒಟ್ಟಿಗೆ ನುಡಿಸಿ ಡಿಸ್ಟಾರ್ಷನ್ ಮೂಲಕ ಕಳಿಸಿದರೆ, ನೀವು ನುಡಿಸದೇ ಇರುವ ಸ್ವರಗಳೂ ಹುಟ್ಟುತ್ತವೆ. ಎರಡು ಕಂಪನಗಳ ಮೊತ್ತ, ಎರಡರ ವ್ಯತ್ಯಾಸ, ಹೀಗೆ. ಒಂದು ಪವರ್ ಕಾರ್ಡ್ (ಒಂದು ಸ್ವರ, ಅದರ ಪಂಚಮ ಒಟ್ಟಿಗೆ) ತಗೊಳ್ಳಿ. 110 ಹರ್ಟ್ಸ್‌ನ (ಸೆಕೆಂಡಿಗೆ 110 ಕಂಪನ) ಎ ಸ್ವರ, ಅದರ ಪಂಚಮ 165 ಹರ್ಟ್ಸ್‌ನ ಇ. ವ್ಯತ್ಯಾಸ 55. ಅದೂ ಎ ಸ್ವರವೇ, ಒಂದು ಸ್ಥಾಯಿ ಕೆಳಗಿನದು. ಅಂದರೆ ಯಾರೂ ಮುಟ್ಟದ ಒಂದು ಮಂದ್ರ ಸ್ವರ ತಾನಾಗೇ ಸೇರಿಕೊಂಡು ಕಾರ್ಡನ್ನು ತೂಕದ್ದನ್ನಾಗಿ ಮಾಡುತ್ತದೆ. ಮೆಟಲ್ ಸಂಗೀತ ಪವರ್ ಕಾರ್ಡಿನ ಮೇಲೆ ನಿಂತಿರುವುದಕ್ಕೆ ಇದೊಂದು ದೊಡ್ಡ ಕಾರಣ.

ಈಗ ಅದೇ ಗಿಟಾರಿನಲ್ಲಿ ದುಃಖದ ಬಣ್ಣ ಕೊಡುವ ಕೋಮಲ ಗಾಂಧಾರ ಹಾಕಿ ನೋಡಿ. 220ರ ಎ, ಸುಮಾರು 262ರ ಸಿ. ವ್ಯತ್ಯಾಸ 42. ಆ ಎರಡರ ಜೊತೆಗೂ ಹೊಂದಿಕೊಳ್ಳದ ಒಂದು ಗುರ್ ಅನ್ನುವ ಸದ್ದು ಕೆಳಗೆ ಎದ್ದು ಬರುತ್ತದೆ. ಗೇನ್ ಹೆಚ್ಚಿಸಿದಷ್ಟೂ ಅದು ಹೆಚ್ಚುತ್ತದೆ. ಕೊನೆಗೆ ಸ್ವರವೂ ಇಲ್ಲ, ದುಃಖವೂ ಇಲ್ಲ, ಬರೀ ಕೆಸರು. ಆದರೆ ಅವೇ ಎರಡು ಸ್ವರಗಳನ್ನು ಎರಡು ಬೇರೆ ಗಿಟಾರಿಗೆ ಹಂಚಿ, ಎರಡು ಬೇರೆ ಆಂಪ್‌ಗಳಿಂದ (ಗಿಟಾರಿನ ಸದ್ದು ಉಬ್ಬಿಸಿ ಹೊರಬಿಡುವ ಪೆಟ್ಟಿಗೆ) ಬರಿಸಿ. ಆಗ ಅವು ಒಂದೇ ಡಿಸ್ಟಾರ್ಷನ್ ಒಳಗೆ ಬೆರೆಯಲ್ಲ, ಗಾಳಿಯಲ್ಲಿ ಸೇರುತ್ತವೆ. ಆ ಗುರ್ ಹುಟ್ಟೋದೇ ಇಲ್ಲ. ಎರಡೂ ಸ್ವರ ಒರಟಾಗೂ ಇರುತ್ತವೆ, ತಿಳಿಯಾಗೂ ಕೇಳಿಸುತ್ತವೆ. ಮೆಲೋಡಿಕ್ ಡೆತ್, ಡೂಮ್ ಎರಡರಲ್ಲೂ ಇಬ್ಬರು ಗಿಟಾರಿಸ್ಟ್ ಬೇಕೇ ಬೇಕು ಅನ್ನೋದು ಇದಕ್ಕೇ. ಒಬ್ಬರು ತಳ ಹಿಡಿಯುತ್ತಾರೆ, ಇನ್ನೊಬ್ಬರು ಮೇಲೆ ಒಂಟಿ ಸ್ವರಗಳ ಸಾಲು ಎಳೆಯುತ್ತಾರೆ.

‘ಬ್ರೇವ್’ ಹಾಡಿನಲ್ಲಿ ಇದನ್ನು ಚೆನ್ನಾಗಿ ಕೇಳಬಹುದು. ನಮ್ಮ ಕಛೇರಿಯಲ್ಲಿ ತಂಬೂರಿ ಹೇಗೆ ಕದಲದೆ ಕೂತು ಮೇಲಿನ ರಾಗಕ್ಕೆ ಅರ್ಥ ಕೊಡುತ್ತದೋ, ಇಲ್ಲಿ ತಳದ ಗಿಟಾರ್ ಮಾಡುವುದು ಅದೇ ಕೆಲಸ. ಮೇಲಿನ ಸಾಲಿನಲ್ಲಿರೋದು ಕೆಲವೇ ಸ್ವರ. ಅದು ಸುತ್ತಿ ಸುತ್ತಿ ಬರುತ್ತದೆ. ಬೇರೆ ಬ್ಯಾಂಡ್ ಆಗಿದ್ದರೆ ನಾಲ್ಕು ಸುತ್ತಿಗೆ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಬದಲಿಸುತ್ತಿತ್ತು. ಇವರು ಬದಲಿಸಲ್ಲ. ಕಿವಿ ‘ಸಾಕು’ ಅನ್ನುವ ಹಂತ ದಾಟಿಸುತ್ತಾರೆ, ಆಮೇಲೂ ನುಡಿಸುತ್ತಲೇ ಇರುತ್ತಾರೆ, ಅಷ್ಟರಲ್ಲಿ ನೀವು ಅದನ್ನು ರಿಫ್ ಅಂತ ಕೇಳುವುದನ್ನೇ ಬಿಟ್ಟು ಅದರೊಳಗೇ ಕೂತಿರುತ್ತೀರಿ, ಆಗ ಒಂದೇ ಒಂದು ಸ್ವರ ಜಾಗ ಬದಲಿಸಿದರೂ ನೆಲ ಜಾರಿದ ಹಾಗೆ ಆಗುತ್ತದೆ. ಇದಕ್ಕೆ ಧೈರ್ಯ ಬೇಕು. ನನ್ನ ಹತ್ತಿರ ಬರುವ ಎಷ್ಟೋ ಬ್ಯಾಂಡುಗಳು ಒಳ್ಳೆ ರಿಫ್ ಬರೆದಿರುತ್ತಾರೆ, ಆದರೆ ಅದು ಉಸಿರಾಡುವ ಮೊದಲೇ ಮುಂದಿನದಕ್ಕೆ ಓಡುತ್ತಾರೆ. ಕೇಳುವವರಿಗೆ ಬೇಜಾರಾದರೆ ಅನ್ನುವ ಭಯ, ಅಲ್ವಾ? ಡೂಮ್ ಕೇಳಲು ಕೂತವರು ಅವಸರದಲ್ಲಿ ಬಂದವರಲ್ಲ.

ಡ್ರಮ್ಸ್ ಕೂಡ ಹೀಗೇ. ರೆಂಕ್ಸೆ ಇಲ್ಲಿ ನುಡಿಸಿರೋದು ಬಹುಪಾಲು ನೇರವಾದ ರಾಕ್ ಬೀಟ್. ಡೆತ್ ಮೆಟಲ್ ಅಂದರೆ ಡಬಲ್ ಬೇಸ್ ಮಳೆ (ಎರಡೂ ಕಾಲಲ್ಲಿ ಬಿಡದೆ ಬಡಿಯುವ ಬೇಸ್ ಡ್ರಮ್) ಅಂದುಕೊಂಡು ಬಂದವರಿಗೆ ಇದು ತೀರಾ ಸರಳ ಅನ್ನಿಸಬಹುದು. ಆದರೆ ಕಿಕ್, ಅಂದರೆ ಬೇಸ್ ಡ್ರಮ್ಮಿನ ಏಟು, ಕಡಿಮೆ ಇದ್ದರೆ ಮಿಕ್ಸ್‌ನಲ್ಲಿ ಜಾಗ ಉಳಿಯುತ್ತದೆ. ಪ್ರತಿ ಏಟಿಗೂ ಪೂರ್ತಿ ಮೊಳಗಿ ತಣ್ಣಗಾಗಲು ಸಮಯ ಸಿಗುತ್ತದೆ. ಏಟಿನ ಹಿಂದೆ ಉಳಿಯುವ ಈ ಮೊಳಗಿನ ಬಾಲ ಕೇಳಿಸಿದಾಗಲೇ ಕಿವಿ ‘ದೊಡ್ಡ ಡ್ರಮ್’ ಅಂತ ನಂಬುವುದು. ಸೆಕೆಂಡಿಗೆ ಹತ್ತು ಕಿಕ್ ಹಾಕಿದರೆ ಬಾಲ ಕತ್ತರಿಸಲೇಬೇಕು, ಇಲ್ಲದಿದ್ದರೆ ಒಂದರ ಮೇಲೊಂದು ಬಿದ್ದು ಎಲ್ಲ ಕಲಸಿಹೋಗುತ್ತದೆ.

ಇನ್ನು ದನಿ. ಇದರ ಹಿಂದೆ ಒಂದು ಕಥೆ ಇದೆ. ರೆಂಕ್ಸೆಗೆ ಆ ಹೊತ್ತಿಗೆ ಗ್ರೌಲ್ (ಗುರುಗುಟ್ಟುವ, ಘರ್ಜನೆಯಂಥ ಹಾಡುಗಾರಿಕೆ) ಮಾಡಲು ಆಗುತ್ತಿರಲಿಲ್ಲ, ಗಂಟಲು ಸಹಕರಿಸುತ್ತಿರಲಿಲ್ಲ. ಹಾಗಾಗಿ ಗೆಳೆಯ, ಓಪೆತ್ ಬ್ಯಾಂಡಿನ ಮಿಕಾಯೆಲ್ ಓಕರ್‌ಫೆಲ್ಟ್ ಬಂದು ಗ್ರೌಲ್ ಹಾಡಿಕೊಟ್ಟರು. ಓಪೆತ್‌ನ ‘ಮಾರ್ನಿಂಗ್‌ರೈಸ್’ ಆಲ್ಬಮ್ ಕೂಡ ಅದೇ 1996ರಲ್ಲಿ, ಅದೇ ಸ್ವಾನೋ ಕೈಯಲ್ಲಿ ಬಂದದ್ದು. ಗ್ರೌಲ್ ಅಂದರೆ ಸುಮ್ನೆ ಕಿರುಚುವುದು ಅಂದುಕೊಂಡಿರುವವರು ಬಹಳ. ಮಾಮೂಲಿ ಹಾಡಿನಲ್ಲಿ ಕಂಪಿಸುವ ಸ್ವರತಂತುಗಳ ಜೊತೆಗೆ, ಅವುಗಳ ಮೇಲಿರುವ ಮಡಿಕೆಗಳೂ ಇದರಲ್ಲಿ ಕಂಪಿಸುತ್ತವೆ. ಸರಿಯಾಗಿ ಮಾಡುವವರ ಗ್ರೌಲ್ ಸ್ಟುಡಿಯೋದಲ್ಲಿ ಎದುರು ನಿಂತು ಕೇಳಿದರೆ ನೀವು ಅಂದುಕೊಂಡಷ್ಟು ಜೋರಾಗಿ ಇರುವುದೇ ಇಲ್ಲ. ಮೈಕು ಹತ್ತಿರ ಇದ್ದು, ಕಂಪ್ರೆಷನ್ (ಮೆತ್ತಗಿನ ಮತ್ತು ಜೋರಾದ ಸದ್ದಿನ ಅಂತರ ಕುಗ್ಗಿಸುವುದು) ಚೆನ್ನಾಗಿ ಹಾಕಿದಾಗ ಅದು ದೈತ್ಯನ ದನಿ ಆಗುತ್ತದೆ. ಜೋರಾಗಿ ಕಿರುಚಿದರೆ ಮಾತ್ರ ಹೆವಿ ಅಂದುಕೊಂಡ ಹುಡುಗರು ಎರಡನೇ ಹಾಡಿಗೇ ಗಂಟಲು ಕಳೆದುಕೊಂಡು ಬಿಸಿನೀರು ಕೇಳುತ್ತಾರೆ. ನೋವು ಶುರುವಾದರೆ ಅಲ್ಲಿಗೇ ನಿಲ್ಲಿಸಿ, ಅವತ್ತು ಗಿಟಾರ್ ರೆಕಾರ್ಡ್ ಮಾಡೋಣ ಅನ್ನುತ್ತೇನೆ. ಇದರಲ್ಲಿ ನಾನು ರಾಜಿ ಆಗಲ್ಲ.

ಮಿಕ್ಸ್ ದೃಷ್ಟಿಯಿಂದ ಗ್ರೌಲ್‌ನ ದೊಡ್ಡ ಗುಣ ಏನಂದರೆ, ಅದಕ್ಕೆ ಸ್ಪಷ್ಟವಾದ ಶ್ರುತಿ ಇಲ್ಲ. ಆದ್ದರಿಂದ ಅದು ರಾಗವನ್ನು ಗಿಟಾರಿಗೇ ಬಿಟ್ಟುಕೊಡುತ್ತದೆ. ಹಾಡುವ ದನಿಯೊಂದು ಬಂದರೆ ಕಿವಿ ತಕ್ಷಣ ಅದರ ಹಿಂದೆ ಹೋಗುತ್ತದೆ, ಗಿಟಾರ್ ಪಕ್ಕವಾದ್ಯ ಆಗಿಬಿಡುತ್ತದೆ. ಗ್ರೌಲ್ ಇದ್ದಾಗ ಹಾಗಲ್ಲ, ಹಾಡುತ್ತಿರುವುದು ಗಿಟಾರೇ. ಗ್ರೌಲ್ ಇಷ್ಟವಿಲ್ಲ, ಅರ್ಥವೇ ಆಗಲ್ಲ ಅನ್ನುವ ಕೇಳುಗರಿಗೆ ನಾನು ಹೇಳೋದು ಇಷ್ಟೇ: ಪದ ಹುಡುಕಬೇಡಿ, ದನಿಯನ್ನು ಇನ್ನೊಂದು ವಾದ್ಯ ಅಂತ ಬಿಟ್ಟುಬಿಡಿ, ಗಿಟಾರಿನ ಹಿಂದೆ ಹೋಗಿ.

ಹೀಗೆ ಎರಡು ಹಾಡು ಆದ ಮೇಲೆ ಮೂರನೆಯದು, ‘ಡೇ’. ಇಲ್ಲಿ ಗ್ರೌಲ್ ಇಲ್ಲ, ರೆಂಕ್ಸೆ ತಮ್ಮದೇ ದನಿಯಲ್ಲಿ ಹಾಡುತ್ತಾರೆ. ಪಳಗಿದ ಗಾಯಕನ ದನಿ ಅಲ್ಲ ಅದು, ಮೆತ್ತಗೆ, ಕೊಂಚ ಅಂಜಿಕೆಯಿಂದ ಹೊರಬಂದ ದನಿ. ಈಗಿನ ಕಾಲ ಆಗಿದ್ದರೆ ಯಾರೋ ಶ್ರುತಿ ತಿದ್ದುವ ಆಟೋಟ್ಯೂನ್ ಹಾಕಿ, ಮೂರು ಪದರ ಸೇರಿಸಿ ನುಣುಪು ಮಾಡಿರುತ್ತಿದ್ದರು. ಹಾಗೆ ಮಾಡಿದ್ದರೆ ಈ ಹಾಡೇ ಹೋಗಿಬಿಡುತ್ತಿತ್ತು. ಅದಕ್ಕೂ ಮೊದಲು ಇಷ್ಟು ಹೊತ್ತು ಗ್ರೌಲ್ ಕೇಳಿರುತ್ತೇವಲ್ಲ, ಆಮೇಲೆ ಬರುವ ಈ ದನಿ ಮನುಷ್ಯನದ್ದು ಅಂತ ಥಟ್ಟನೆ ತಟ್ಟುತ್ತದೆ. ಮುಂದೆ ಬ್ಯಾಂಡಿನ ಹಾದಿಯೂ ಇದೇ ಆಯಿತು. 1998ರ ‘ಡಿಸ್‌ಕರೇಜ್ಡ್ ಒನ್ಸ್’ ಹೊತ್ತಿಗೆ ಗ್ರೌಲ್ ಪೂರ್ತಿ ಬಿಟ್ಟು ರೆಂಕ್ಸೆಯೇ ಹಾಡತೊಡಗಿದರು. ಇತ್ತ ‘ಬ್ರೇವ್ ಮರ್ಡರ್ ಡೇ’ ಹಾಕಿಕೊಟ್ಟ ಅಚ್ಚನ್ನು ಫಿನ್ಲೆಂಡಿನ ರ‍್ಯಾಪ್ಚರ್‌ನಂಥ ಬ್ಯಾಂಡುಗಳು ಮುಂದುವರಿಸಿದವು.

ಬೆಂಗಳೂರಿಗೂ ಈ ನಿಧಾನದ ಸಂಗೀತ ಹೊಸದೇನಲ್ಲ. ಡೈಯಿಂಗ್ ಎಂಬ್ರೇಸ್ 90ರ ದಶಕದಲ್ಲೇ ಇಲ್ಲಿ ಡೆತ್ ಡೂಮ್ ನುಡಿಸುತ್ತಿತ್ತು. ಆಮೇಲೆ ಬೆವರ್ ಸೀ ಬಂತು. ಜಿನ್ ಆ್ಯಂಡ್ ಮಿಸ್ಕಟಾನಿಕ್ ಅಂತೂ ಗಿಟಾರನ್ನೇ ಬಿಟ್ಟು ಬೇಸ್, ಡ್ರಮ್ಸ್, ದನಿ ಮೂರರಲ್ಲೇ 2013ರ ಆಲ್ಬಮ್ ಮಾಡಿತು. ಇವರ್ಯಾರೂ ಕ್ಯಾಟಟೋನಿಯಾದ ಹಾಗೆ ಕೇಳಿಸಲ್ಲ, ಕೇಳಿಸಬೇಕಾಗಿಯೂ ಇಲ್ಲ. ಆದರೆ ಯಾವ ವಾದ್ಯ ಯಾವ ಜಾಗದಲ್ಲಿ ಕೂರಬೇಕು ಅನ್ನೋದನ್ನು ರೆಕಾರ್ಡಿಂಗಿಗೆ ಮೊದಲೇ ತೀರ್ಮಾನ ಮಾಡುವ ಶಿಸ್ತು ಎಲ್ಲರಿಗೂ ಬೇಕು.

ಹಾಗಾಗಿ ಹೊಸ ಬ್ಯಾಂಡಿನವರಿಗೆ ಕೆಲಸಕ್ಕೆ ಬರುವ ಎರಡು ಮಾತು. ಗಿಟಾರನ್ನು ಡಬಲ್ ಟ್ರ್ಯಾಕ್ (ಒಂದೇ ಭಾಗವನ್ನು ಎರಡು ಸಲ ನುಡಿಸಿ ರೆಕಾರ್ಡ್) ಮಾಡುವುದಾದರೆ, ರಿಹರ್ಸಲ್ ರೂಮಿನಲ್ಲಿ ಇಡುವ ಗೇನನ್ನು ಅರ್ಧಕ್ಕೆ ಇಳಿಸಿ. ಒಂದೊಂದೇ ಟ್ರ್ಯಾಕ್ ಕೇಳಿದರೆ ಸಪ್ಪೆ ಅನ್ನಿಸುತ್ತದೆ, ನಿಜ. ಎಲ್ಲ ಸೇರಿದಾಗ ಪಿಕ್ ತಂತಿಗೆ ಬಡಿಯುವ ಏಟು ಉಳಿದಿರುತ್ತದೆ, ತೂಕ ಬರುವುದು ಅಲ್ಲಿಂದ. ಇನ್ನೊಂದು ಟ್ಯೂನಿಂಗ್. ಗಿಟಾರಿನ ಮಾಮೂಲಿ ಕೆಳ ಇ 82 ಹರ್ಟ್ಸ್. ಅದನ್ನು ಬಿ ಸ್ವರಕ್ಕೆ ಇಳಿಸಿದರೆ 62. ಬೇಸ್ ಗಿಟಾರ್ ಓಡಾಡುವ ಜಾಗವೇ ಅದು. ಇಬ್ಬರೂ ಒಂದೇ ಜಾಗದಲ್ಲಿ ಗುದ್ದಾಡಿದರೆ ನಾನು ಒಬ್ಬರನ್ನು ಇಕ್ಯೂನಲ್ಲಿ (ಮೇಲಿನ, ನಡುವಿನ, ಕೆಳಗಿನ ಸದ್ದನ್ನು ಬೇರೆ ಬೇರೆಯಾಗಿ ಏರಿಳಿಸುವ ಸಾಧನ) ಕತ್ತರಿಸಲೇಬೇಕು, ಹಾಗೆ ಕತ್ತರಿಸುವುದು ಸಾಮಾನ್ಯವಾಗಿ ಗಿಟಾರನ್ನೇ. ಜೊತೆಗೆ ನಿಮ್ಮ ಹಾಡನ್ನು ಬಹಳ ಜನ ಕೇಳುವುದು ಫೋನಿನಲ್ಲಿ. ಫೋನಿನ ಸ್ಪೀಕರಿನಲ್ಲಿ ಆ 62 ಹರ್ಟ್ಸ್ ಕೇಳಿಸುವುದೇ ಇಲ್ಲ. ಕೇಳಿಸುವುದು ನಡುವಿನ ಸದ್ದು, ಎರಡನೇ ಗಿಟಾರಿನ ಆ ಒಂಟಿ ಸಾಲು. ಮುಂದಿನ ಸಲ ಡೆಮೊ ಹಿಡಿದುಕೊಂಡು ಬರುವ ಮೊದಲು ಅದನ್ನು ಫೋನಿನಲ್ಲಿ ಒಮ್ಮೆ ಹಾಕಿ ನೋಡಿ. ರಾಗ ಕೇಳಿಸುತ್ತಿದ್ದರೆ ಬನ್ನಿ, ಮೈಕ್ ಹಾಕೋಣ. ಕೇಳಿಸದಿದ್ದರೆ ಇಬ್ಬರು ಗಿಟಾರಿಸ್ಟುಗಳು ಕೂತು ಯಾರು ಯಾವ ಸ್ವರ ಹಿಡಿಯಬೇಕು ಅಂತ ಮೊದಲು ಹಂಚಿಕೊಳ್ಳಿ.