ಹಿರಿಯರ ಬಿಪಿ: 24 ಗಂಟೆಯ ರಿಪೋರ್ಟ್ ಓದುವ ಬಗೆ

ಮೆಡಿಕಲ್ ಪರೀಕ್ಷೆಗೆ ಓದುವಾಗ ಎಲ್ಲರೂ ‘ಡಿಪ್ಪರ್, ನಾನ್-ಡಿಪ್ಪರ್’ ಅಂತ ಬಾಯಿಪಾಠ ಮಾಡುತ್ತೇವೆ. ರಿಪೋರ್ಟ್ ಕೈಗೆ ಬಂದಾಗ ಮಾತ್ರ ಎಲ್ಲಿಂದ ಶುರು ಮಾಡೋದು ಅಂತ ತಿಳಿಯೋದಿಲ್ಲ, ಅಲ್ವಾ? ನನ್ನ ಪ್ರಕಾರ ಮೊದಲು ನೋಡಬೇಕಾದ್ದು ರಾತ್ರಿಯ ಅಂಕಿ.

24 ಗಂಟೆ ತೋಳಿಗೆ ಕಟ್ಟಿದ ಪಟ್ಟಿ (ಕಫ್) 15ರಿಂದ 30 ನಿಮಿಷಕ್ಕೊಮ್ಮೆ ತಾನೇ ಉಬ್ಬಿ ಬಿಪಿ, ಹಾರ್ಟ್ ರೇಟ್ ಎರಡನ್ನೂ ಅಳೆಯುತ್ತದೆ. ನಿದ್ದೆಯಲ್ಲಿ ಮೇಲಿನ ಬಿಪಿ ಸಾಮಾನ್ಯವಾಗಿ ಶೇ. 10ರಿಂದ 20ರಷ್ಟು ಇಳಿಯುತ್ತದೆ. ಹೀಗೆ ಇಳಿದರೆ ಡಿಪ್ಪರ್. ಶೇ. 10ಕ್ಕಿಂತ ಕಡಿಮೆ ಇಳಿದರೆ ನಾನ್-ಡಿಪ್ಪರ್. ಇಳಿಯುವ ಬದಲು ಏರಿದರೆ ರಿವರ್ಸ್ ಡಿಪ್ಪರ್.

ಲೆಕ್ಕಕ್ಕೆ ಒಬ್ಬ 72 ವರ್ಷದ ಅಜ್ಜಿಯನ್ನು ಊಹಿಸಿಕೊಳ್ಳಿ. ಹಗಲಿನ ಸರಾಸರಿ 148/76, ರಾತ್ರಿಯದು 142/72. ಇಳಿದದ್ದು ಬರೀ 6, ಅಂದರೆ ಶೇ. 4. ನಾನ್-ಡಿಪ್ಪರ್! ರಾತ್ರಿಯ ಮಿತಿ 120/70, ಅದನ್ನೂ ದಾಟಿದೆ. ಹಗಲಿನ ಕೆಳಗಿನ ಬಿಪಿ ಸರಿಯಾಗೇ ಇದೆ, ಮೇಲಿನದು ಮಾತ್ರ ಜಾಸ್ತಿ. ವಯಸ್ಸಾದಂತೆ ದೊಡ್ಡ ರಕ್ತನಾಳಗಳು ಗಡುಸಾಗುವುದರಿಂದ ಹೀಗಾಗುತ್ತದೆ.

ರಾತ್ರಿ ಇಳಿಯದಿದ್ದರೆ ಏನಾಯ್ತು ಅನ್ನಬೇಡಿ. ಜಪಾನಿನ ಓಹಸಾಮ ಊರಿನ ಅಧ್ಯಯನದಲ್ಲಿ (2002) ಇಳಿಕೆ ಪ್ರತಿ ಶೇ. 5ರಷ್ಟು ಕಮ್ಮಿಯಾದಾಗ ಹೃದಯ, ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಸುಮಾರು ಶೇ. 20ರಷ್ಟು ಹೆಚ್ಚಿತ್ತು. ಶುಗರ್, ಕಿಡ್ನಿ ತೊಂದರೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಜಾಸ್ತಿ ಉಪ್ಪು ಇವೆಲ್ಲ ರಾತ್ರಿ ಬಿಪಿ ಇಳಿಯದಿರಲು ಕಾರಣವಾಗಬಹುದು. ಸುಮ್ನೆ ನಿದ್ದೆ ಕೆಟ್ಟರೂ ಸಾಕು. ಕಫ್ ಉಬ್ಬಿದಾಗಲೆಲ್ಲ ಎಚ್ಚರವಾಗುವವರೂ ಇದ್ದಾರೆ, ಹಾಗಾಗಿ ‘ರಾತ್ರಿ ನಿದ್ದೆ ಬಂತಾ ಅಜ್ಜಿ?’ ಅಂತ ಕೇಳದೆ ಹಣೆಪಟ್ಟಿ ಹಚ್ಚಬಾರದು.

ಈಗ ಹಾರ್ಟ್ ರೇಟ್. ನಾವು ಬಿಟ್ಟುಬಿಡುವ ಕಾಲಂ ಇದೇ. ಅಜ್ಜಿ ಮಧ್ಯಾಹ್ನ ಒಂದಕ್ಕೆ ಊಟ ಮಾಡಿದ್ದಾರೆ. ಎರಡು ಗಂಟೆಗೆ ಮೇಲಿನ ಬಿಪಿ 146ರಿಂದ 118ಕ್ಕೆ ಬಿದ್ದಿದೆ, ಹಾರ್ಟ್ ರೇಟ್ 70ರಿಂದ 72 ಆಗಿದೆ ಅಷ್ಟೇ. ಊಟವಾಗಿ ಎರಡು ಗಂಟೆಯೊಳಗೆ 20 ಅಥವಾ ಹೆಚ್ಚು ಬಿದ್ದರೆ ಅದು ಊಟದ ನಂತರದ ಲೋ ಬಿಪಿ. ರಕ್ತ ಹೊಟ್ಟೆ, ಕರುಳಿನ ಕಡೆ ಹರಿದಾಗ ಹರೆಯದವರಲ್ಲಿ ಹೃದಯ ಬೇಗ ಬಡಿದು, ರಕ್ತನಾಳಗಳು ಬಿಗಿದು ಬಿಪಿಯನ್ನು ಹಿಡಿದಿಡುತ್ತವೆ. ವಯಸ್ಸಾದವರಲ್ಲಿ ಆ ಪ್ರತಿಕ್ರಿಯೆ ಮಂಕಾಗಿರುತ್ತದೆ. ಅಟೆನೊಲಾಲ್‌ನಂಥ ಬೀಟಾ ಬ್ಲಾಕರ್ (ಹೃದಯ ಬಡಿತ ನಿಧಾನಿಸುವ ಮಾತ್ರೆ) ತಗೊಳ್ಳುತ್ತಿದ್ದರೆ ಇನ್ನೂ ಕಡಿಮೆ. ಊಟ ಮುಗಿಸಿ ಎದ್ದಾಗ ತಲೆಸುತ್ತಿ ಬೀಳುವ ಭಯ ಇಲ್ಲಿದೆ.

ಕಷ್ಟ ಇರುವುದೂ ಇಲ್ಲೇ. ರಾತ್ರಿಯ ಬಿಪಿ ನೋಡಿ ಡೋಸ್ ಏರಿಸಿದರೆ ಮಧ್ಯಾಹ್ನದ 118 ಇನ್ನೂ ಕೆಳಗಿಳಿಯಬಹುದು. ಹಾಗಾದರೆ ಅದೇ ಮಾತ್ರೆಯನ್ನು ರಾತ್ರಿ ಕೊಟ್ಟರೆ? ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರ ಮೇಲೆ ನಡೆದ ‘ಟೈಮ್’ (TIME) ಎಂಬ ಅಧ್ಯಯನ (2022) ಇದನ್ನೇ ನೋಡಿತು. ಬೆಳಿಗ್ಗೆ ತಗೊಂಡರೂ ರಾತ್ರಿ ತಗೊಂಡರೂ ಹಾರ್ಟ್ ಅಟ್ಯಾಕ್, ಸ್ಟ್ರೋಕ್‌ಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.