ಮನೆ ಖರ್ಚನ್ನು ಬಿಗ್ ಬ್ಲೈಂಡಿನಲ್ಲಿ ಬರೆದು ನೋಡಿ

ಕೆಲಸ ಬಿಟ್ಟು ಪೂರ್ತಿ ಪೋಕರ್‌ಗೆ ಇಳಿಯಲೇ ಎಂದು ಹಣಕಾಸು ಸಲಹೆಗಾರನಾದ ನನ್ನನ್ನು ಕೇಳುವವರೆಲ್ಲ ಸಾಮಾನ್ಯವಾಗಿ ಗೆಲ್ಲುತ್ತಿರುವವರೇ. ಸೋಲುತ್ತಿರುವವರಿಗೆ ಈ ಪ್ರಶ್ನೆ ಏಳುವುದಿಲ್ಲ. ಬಂದವರ ಫೋನಿನಲ್ಲಿ ಮೇಲಕ್ಕೇರುವ ಗೆರೆಯೊಂದು ಇದ್ದೇ ಇರುತ್ತದೆ. ಅದನ್ನು ನೋಡುವ ಮೊದಲು ಎಷ್ಟು ಹ್ಯಾಂಡ್ (ಒಮ್ಮೆ ಎಲೆ ಹಂಚಿ ಮುಗಿಸುವ ಒಂದು ಸುತ್ತು) ಆಡಿದ್ದೀರಿ, ಈ ಗಳಿಕೆ ರೇಕ್ (ಆಟ ನಡೆಸುವವರು ಹಿಡಿದುಕೊಳ್ಳುವ ಪಾಲು) ಕಳೆದ ಮೇಲಿನದೇ ಎಂದು ಕೇಳುತ್ತೇನೆ.

ಆರು ಜನರ ಆನ್‌ಲೈನ್ ನೋ-ಲಿಮಿಟ್ ಹೋಲ್ಡೆಮ್ (ಪಣಕ್ಕೆ ಮಿತಿಯಿಲ್ಲದ ಒಂದು ಬಗೆಯ ಪೋಕರ್) ಮೇಜಿನಲ್ಲಿ 100 ಹ್ಯಾಂಡಿಗೆ 5 ಬಿಗ್ ಬ್ಲೈಂಡ್ (ಎಲೆ ನೋಡುವ ಮೊದಲೇ ಕಟ್ಟಬೇಕಾದ ಎರಡು ಕಡ್ಡಾಯ ಪಣಗಳಲ್ಲಿ ದೊಡ್ಡದು) ಗಳಿಸುವವರು ಒಳ್ಳೆಯ ಆಟಗಾರರು. ಆದರೆ ಅದೇ 100 ಹ್ಯಾಂಡಿನ ಮಾನಕ ವಿಚಲನೆ, ಅಂದರೆ ಸರಾಸರಿಯಿಂದ ಆಚೀಚೆ ಸರಿಯುವ ಅಳತೆ, ಸುಮಾರು 90. ಗಳಿಕೆ 5, ಏರಿಳಿತ 90! ಹಾಗಾಗಿ ಒಂದು ಲಕ್ಷ ಹ್ಯಾಂಡ್ ಆಡಿ 5 ಎಂಬ ಸರಾಸರಿ ಬಂದರೂ, ನಿಜವಾದ ದರ ಸೊನ್ನೆಗಿಂತ ತುಸು ಕೆಳಗೂ ಇರಬಹುದು, 10ನ್ನು ದಾಟಿಯೂ ಇರಬಹುದು. ಎದುರುಬದುರು ಕೂತು ಆಡುವ ಮೇಜಿನಲ್ಲಂತೂ ಗಂಟೆಗೆ ಸುಮಾರು 30 ಹ್ಯಾಂಡ್ ಅಷ್ಟೇ. ದಿನಕ್ಕೆ 8 ಗಂಟೆ, ವಾರಕ್ಕೆ 5 ದಿನ ಆಡಿದರೂ ಲಕ್ಷ ಮುಟ್ಟಲು ಒಂದೂವರೆ ವರ್ಷ ಮೀರುತ್ತದೆ. ಆರು ತಿಂಗಳ ಗೆಲುವು ನೋಡಿ ರಾಜೀನಾಮೆ ಬರೆಯುವವರಿಗೆ ಇಷ್ಟು ಹೇಳಿದರೆ ಸಾಕಾಗಬೇಕು. ಸಾಕಾಗುವುದಿಲ್ಲ, ಅದು ಬೇರೆ ಮಾತು.

ಸರಿ, ದರ ನಿಜವಾಗಿಯೂ 5 ಎಂದೇ ಇಟ್ಟುಕೊಳ್ಳೋಣ. ಈಗ ಬಾಡಿಗೆ, ದಿನಸಿ, ವಿಮೆ, ತೆರಿಗೆ ಎಲ್ಲ ಕೂಡಿಸಿ ಬಂದ ಮೊತ್ತವನ್ನು ನೀವು ಆಡುವ ಸ್ಟೇಕ್‌ನ (ಪಣದ ಮಟ್ಟದ) ಬಿಗ್ ಬ್ಲೈಂಡಿನಿಂದ ಭಾಗಿಸಿ. ತಿಂಗಳಿಗೆ 30,000 ಹ್ಯಾಂಡ್ ಆಡುವವರ ನಿರೀಕ್ಷಿತ ಗಳಿಕೆ 1,500 ಬಿಗ್ ಬ್ಲೈಂಡ್. ಖರ್ಚು 1,200 ಬಂತೆನ್ನಿ. ತಿಂಗಳಿಗೆ 300 ಉಳಿಯಿತಲ್ಲ ಎಂದು ಸಮಾಧಾನವಾಗುತ್ತದೆ. ಆದರೆ ಒಂದು ತಿಂಗಳ ಏರಿಳಿತವೇ 1,560ರ ಹತ್ತಿರ ಇರುವುದರಿಂದ ಸರಾಸರಿ ಆರು ತಿಂಗಳಿಗೊಮ್ಮೆ ಗಳಿಕೆಯ ಬದಲು ನಷ್ಟವೇ ಬರುತ್ತದೆ. ವರ್ಷದಲ್ಲಿ ಸುಮಾರು ಐದು ತಿಂಗಳು ಗಳಿಕೆ ಮನೆ ಖರ್ಚಿಗೆ ಸಾಲದು. ಆಟ ಕೆಟ್ಟಿದೆ ಎಂದೇನೂ ಅಲ್ಲ, ಚೆನ್ನಾಗಿ ಆಡಿದವರ ವರ್ಷವೂ ಹೀಗೇ ಇರುತ್ತದೆ.

ಬ್ಯಾಂಕ್‌ರೋಲ್ (ಆಟಕ್ಕೆಂದೇ ತೆಗೆದಿಟ್ಟ ಹಣ) ಪೂರ್ತಿ ಕರಗುವ ಸಾಧ್ಯತೆಯನ್ನು ಅಂದಾಜು ಮಾಡಲು ಒಂದು ಸೂತ್ರವಿದೆ. 20 ಬೈ-ಇನ್ (ಒಮ್ಮೆ ಮೇಜಿಗೆ ಕೂರುವಾಗ ತರುವ ಹಣ), ಅಂದರೆ 2,000 ಬಿಗ್ ಬ್ಲೈಂಡ್ ಇಟ್ಟುಕೊಂಡು, ಏನನ್ನೂ ತೆಗೆಯದೆ, ಸ್ಟೇಕ್ ಬದಲಿಸದೆ ಆಡಿದರೆ ಆ ಸಾಧ್ಯತೆ ಸುಮಾರು 8.5%. ಅದೇ ಆಟಗಾರ ಸಂಬಳದ ಹಾಗೆ ತಿಂಗಳಿಗೆ 1,200 ತೆಗೆಯಲಿ. 100 ಹ್ಯಾಂಡಿಗೆ 4 ಮನೆಗೆ ಹೋಗಿ 1 ಮಾತ್ರ ಉಳಿಯಿತು. ಆಗ ದಿವಾಳಿಯ ಸಾಧ್ಯತೆ 61%! ಕೌಶಲ ಅದೇ, ಎದುರಾಳಿಗಳು ಅವರೇ. ಬಿತ್ತನೆ ಬೀಜವನ್ನೇ ಕುಟ್ಟಿ ಉಣ್ಣುವ ಹಾಗೆ ಇದು. ಮತ್ತೆ 8.5%ಕ್ಕೆ ಇಳಿಸಬೇಕಾದರೆ 100 ಬೈ-ಇನ್ ಬೇಕು.

ಸೋತರೆ ಕೆಳಗಿನ ಸ್ಟೇಕ್‌ಗೆ ಇಳಿಯುತ್ತೇನೆ ಎನ್ನುತ್ತಾರೆ. ಹವ್ಯಾಸಕ್ಕೆ ಆಡುವವರಿಗೆ ಅದು ಒಳ್ಳೆಯ ಶಿಸ್ತು. ಆಟವನ್ನೇ ನಂಬಿದವರಿಗೆ ಮಾತ್ರ, ಬಿಗ್ ಬ್ಲೈಂಡ್ ಅರ್ಧವಾದ ದಿನ 1,200ರ ಖರ್ಚು 2,400 ಆಗಿ ಕೂರುತ್ತದೆ. ಅಲ್ಲಿಯ ಎದುರಾಳಿಗಳು ದುರ್ಬಲರಾದ್ದರಿಂದ ಗಳಿಕೆಯ ದರ ಒಂದಿಷ್ಟು ಏರಿದರೂ ಅಷ್ಟು ದೂರ ಏರುವುದು ಅಪರೂಪ. ಬಾಡಿಗೆ ಕಟ್ಟುವ ವಾರದಲ್ಲಿ ಟಿಲ್ಟ್ ಆಗದೆ, ಅಂದರೆ ಸೋಲಿನ ಸಿಟ್ಟಿಗೆ ಹತೋಟಿ ತಪ್ಪದೆ, ಆಡುವುದೂ ಅಷ್ಟು ಸುಲಭವಲ್ಲ.

ಟೂರ್ನಮೆಂಟ್ ಆಡುವವರಿಗೆ ಈ ಏರಿಳಿತ ಇನ್ನೂ ತೀವ್ರ, ಏಕೆಂದರೆ ಬಹುಮಾನದ ದೊಡ್ಡ ಪಾಲು ಮೊದಲ ಕೆಲವು ಸ್ಥಾನಗಳಿಗೇ ಹೋಗುತ್ತದೆ. 2003ರಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಸ್ಪರ್ಧೆಯಲ್ಲಿ 25 ಲಕ್ಷ ಡಾಲರ್ ಗೆದ್ದ ಕ್ರಿಸ್ ಮನಿಮೇಕರ್ ಲೆಕ್ಕಪತ್ರದ ಕೆಲಸದಲ್ಲಿದ್ದವರು. ಅವರನ್ನು ಉದಾಹರಣೆ ಕೊಡುವವರಿಗೆ ಆ ಸ್ಪರ್ಧೆಯಲ್ಲಿ ಇನ್ನೂ 838 ಮಂದಿ ಇದ್ದರು ಎಂದು ನೆನಪಿಸುತ್ತೇನೆ.

ಕಾನೂನಿನ ಹೊಡೆತ ಯಾವ ಸೂತ್ರದಲ್ಲೂ ಇಲ್ಲ. 2011ರ ಏಪ್ರಿಲ್ 15ರಂದು ಅಮೆರಿಕದ ಸರ್ಕಾರ ದೊಡ್ಡ ಪೋಕರ್ ತಾಣಗಳ ಮೇಲೆ ಕ್ರಮ ಕೈಗೊಂಡಾಗ ಅಲ್ಲಿಯ ಆನ್‌ಲೈನ್ ಆಟಗಾರರಲ್ಲಿ ಹಲವರ ಆದಾಯ ಒಂದೇ ದಿನದಲ್ಲಿ ನಿಂತಿತು. ಒಂದು ತಾಣದಲ್ಲಿ ಸಿಕ್ಕಿಕೊಂಡ ಹಣ ಅವರಿಗೆ ಮರಳತೊಡಗಿದ್ದು 2014ರಲ್ಲಿ. ಆದ್ದರಿಂದ ಒಂದು ವರ್ಷದ ಮನೆ ಖರ್ಚು ಆಟದ ಖಾತೆಯಿಂದ ಹೊರಗೆ, ಬ್ಯಾಂಕ್‌ರೋಲ್ ಎಂದು ಎಣಿಸದೆ ಇರಲಿ ಎನ್ನುತ್ತೇನೆ.

ಕೆಲಸ ಇಟ್ಟುಕೊಂಡೇ ಆಡಿ ಎಂದರೆ ಹಲವರ ಮುಖ ಬಾಡುತ್ತದೆ. ಆದರೆ ಸಂಬಳ ಬರುತ್ತಿರುವವರೆಗೆ ಗಳಿಸಿದ 5 ಪೂರ್ತಿಯಾಗಿ ಬ್ಯಾಂಕ್‌ರೋಲಿನಲ್ಲೇ ಉಳಿಯುತ್ತದೆ. ಅದು ಬೇಡ, ಸಾಲ ತಂದು 100 ಬೈ-ಇನ್ ಮಾಡಿಕೊಳ್ಳುತ್ತೇನೆ ಎಂದವರಿಗೆ ಬಡ್ಡಿಯನ್ನೂ ಬಿಗ್ ಬ್ಲೈಂಡಿಗೆ ತಿರುಗಿಸಿ ಖರ್ಚಿನ ಪಟ್ಟಿಗೆ ಸೇರಿಸಲು ಹೇಳುತ್ತೇನೆ. ಉಳಿದಿದ್ದ ಆ 1 ಅಲ್ಲೇ ಕರಗತೊಡಗುತ್ತದೆ.